ಪ್ಲಾಸ್ಟರಿನ ಮೇಲಿನ ಸಹಿ

ಓಟದಲ್ಲಿ ಹೆಸರು ಮಾಡಿದ ಅಕ್ಕನವರಿಗೆ, ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯ ಕೆಲಸದವನ ನಮಸ್ಕಾರ.

ಹೋದ ವರ್ಷ ನೀವು ಮಕ್ಕಳ ವಾರ್ಡಿಗೆ ಬಂದಿರಿ. ಕಿಟಕಿ ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವಳು ನನ್ನ ಮಗಳು. ಫೋಟೊದವರು ಅವಸರ ಮಾಡಿದರೂ ನೀವು ಅವಳ ಪಕ್ಕ ಕೂತು, ಪ್ಲಾಸ್ಟರಿನ ಮೇಲೆ "ಬೇಗ ಎದ್ದು ಓಡು, ಮರಿ" ಎಂದು ಬರೆದು ಸಹಿ ಹಾಕಿದಿರಿ. ಆರು ವಾರ ಅವಳು ಆ ಅಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಪ್ಲಾಸ್ಟರ್ ಬಿಚ್ಚಿದವನು ನಾನೇ. ಇಪ್ಪತ್ತು ವರ್ಷ ಪಳಗಿದ ಕೈಯಲ್ಲವೇ, ಗರಗಸವನ್ನು ನೇರ ಸಹಿಯ ಮೇಲೇ ಎಳೆದು, ಚೂರುಗಳನ್ನು ಬಕೆಟ್ಟಿಗೆಸೆದು, "ಮುಂದಿನವರು ಬನ್ನಿ" ಎಂದುಬಿಟ್ಟೆ.

"ಅಪ್ಪಾ, ನಾನೂ ಎಲ್ಲರ ಹಾಗೇನಾ ನಿಂಗೆ?" ಎಂದಳು.

ಮೂಳೆ ಕೂಡಲಿಲ್ಲ. ಒಳಗೆ ಕ್ಯಾನ್ಸರ್ ಗಡ್ಡೆ ಇತ್ತಂತೆ. ಬರುವ ಸೋಮವಾರ ಆ ಕಾಲನ್ನೇ ತೆಗೆಯುತ್ತಾರೆ. ಅವಳು ಕೇಳಿರುವುದು ಒಂದೇ: "ಅಕ್ಕನ ಹತ್ರ ಇನ್ನೊಂದ್ಸಲ ಬರೆಸಿಕೊಡ್ತೀಯಾ?"

ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಕವರು ಇದರೊಳಗಿದೆ. ಒಂದು ಕಾಗದದ ಮೇಲೆ ಎರಡು ಸಾಲು ಸಾಕು. ಅದಕ್ಕೆ ನಾನು ಕತ್ತರಿ ಸೋಕಿಸುವುದಿಲ್ಲ. ಏನು ಬೇಕಾದರೂ ಬರೆಯಿರಿ ಅಕ್ಕ, ಓಡು ಎಂದು ಮಾತ್ರ ಬರೆಯಬೇಡಿ.

ಇಂತಿ,
ಕಿಟಕಿ ಪಕ್ಕದ ಮಂಚದವಳ ಅಪ್ಪ