ನಿತ್ಯಪುಷ್ಪದ ಎಲೆ ಕಿತ್ತೋರು

ಏನ್ರೀ,

ಕಂಪನಿ ಬಸ್ ಬರೋ ಹೊತ್ತಾಯ್ತು. ಮುದ್ದೆ, ಬಸ್ಸಾರು ಮುಚ್ಚಿಟ್ಟಿದ್ದೀನಿ.

ಬಾಗಿಲ ಹತ್ರ ನೆಟ್ಟಿರೋ ನಿತ್ಯಪುಷ್ಪದ ಗಿಡದಲ್ಲಿ ಹೂವು ಬಿಟ್ಟು ಬರೀ ಎಲೆ ಯಾರು ಕೀಳ್ತಾರೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಮೇಕೆ ಅನ್ನೋಣ ಅಂದ್ರೆ ಅಷ್ಟು ಕಹಿ ಎಲೇನ ಮೇಕೇನೂ ಮೂಸಲ್ಲ. ಇವತ್ತು ನೀವು ತೋಟಕ್ಕೆ ಹೊರಡೋವಾಗ ಕಿಟಕೀಲಿ ನೋಡಿದೆ. ಮುಖ ಕಿವುಚ್ಕೊಂಡು ಎಲೆ ಅಗೀತಾ ಇದ್ದೋರು ನೀವು!

ಆ ಎಲೇನ ಸಕ್ಕರೆ ಕಾಯಿಲೆಗೆ ಅಂತ ಜನ ತಿನ್ನೋದು ನಂಗೂ ಗೊತ್ತು. ನಿಮ್ಗೆ ಅದಿದೆ ಅಂತ ನಂಗೆ ಹೇಳಿದ್ರೆ ಏನಾಗ್ತಿತ್ತು? ಅದಕ್ಕೇನಾ ಈ ಸಲ ಹಲ್ಲುನೋವು ಅಂತ ಮಾವಿನಹಣ್ಣು ಮುಟ್ಟದೆ ಇದ್ದಿದ್ದು?

ಎಲೆ ನಂಬ್ಕೊಂಡು ಕೂರೋದು ಬೇಡ. ನಾಳೆ ನಂಗೆ ರಜ, ಕೋಲಾರಕ್ಕೆ ಹೋಗಿ ಇಬ್ರೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳೋಣ.

ಇಬ್ರೂ ಯಾಕೆ ಅಂತೀರಾ? ಆ ಗಿಡಾನ ನಾನು ಬರೀ ಅಂದಕ್ಕೆ ನೆಟ್ಟಿದ್ದಲ್ಲ. ಗೋಡೆ ಕಡೆ ಕೊಂಬೆಗಳನ್ನ ನೋಡಿ. ಅಲ್ಲಿ ಎಲೆ ಕಿತ್ತಿರೋಳು ನಾನು.

ಶ್ಯಾಮಲಾ