ಬೆನ್ನು ತಿರುಗಿಸಿ ಮುಟ್ಟುವವನು

ತೊಗರ್ಸಿ
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಗುಡ್ಡಪ್ಪನಿಗೆ,

ನಿನ್ನ ಶೇಖರನ ನಮಸ್ಕಾರ. ಬಸಕ್ಕನಿಗೂ ನಾನು ಕೇಳಿದೆನೆಂದು ಹೇಳು. ನೋಡು, ಅಭ್ಯಾಸಬಲದಿಂದ ‘ಹೇಳು’ ಎಂದು ಬರೆದುಬಿಟ್ಟೆ. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ. ಇಂದಲ್ಲ ನಾಳೆ ಹೇಳುವವನೇ ತಾನೆ ನೀನು.

ಪತ್ರ ತಡವಾಯಿತು, ಕ್ಷಮಿಸು. ಸಂಕ್ರಾಂತಿಗೇ ಬರೆಯಬೇಕೆಂದಿದ್ದೆ. ಆದರೆ ಪೆನ್ನು ಹಿಡಿದರೆ ಹಾಜರಾತಿ ಬಿಟ್ಟು ಬೇರೇನೂ ಬರೆಯಲಾರದ ಕೈ ಇದು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ ಸೀಟಿ ಊದಿದವನಿಗೆ ಸಾಹಿತ್ಯ ಎಲ್ಲಿಂದ ಬರಬೇಕು. ಹಾಳೆಗಳನ್ನು ಹರಿದು ಹರಿದು ಕೊನೆಗೆ, ಎದುರಿಗೆ ಕೂತು ಮಾತಾಡಿದ ಹಾಗೆ ಬರೆದರಾಯಿತು ಎಂದುಕೊಂಡೆ.

ಚೈತ್ರ, ಇದನ್ನು ನಿನ್ನಪ್ಪನಿಗೆ ಓದಿ ಹೇಳುವವಳು ನೀನು ತಾನೆ. ಲಕ್ವ ಹೊಡೆದು ಮಾತು ಹೋದಾಗಿನಿಂದ ಅವನಿಗೆ ಅಕ್ಷರ ಕೂಡಿಸುವುದೂ ಕಷ್ಟ, ಕೇಳಿದ್ದೆಲ್ಲ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನೀನೇ ಫೋನಿನಲ್ಲಿ ತಿಳಿಸಿದೆ. ಹಾಗಾಗಿ ನಿಧಾನವಾಗಿ ಓದಮ್ಮ. ಶಾಲೆಯಲ್ಲಿ ಮಕ್ಕಳು ಪಾಠ ಒಪ್ಪಿಸಿದ ಹಾಗೆ ಓಡಿಸಬೇಡ. ಅವನನ್ನು ಛೇಡಿಸಿದ ಸಾಲುಗಳೂ ಬರುತ್ತವೆ. ಅವನ್ನು ಹಾರಿಸಬೇಡ.

ನಾನು ಆರೋಗ್ಯ. ಮಂಡಿ ಆಗಾಗ ಹಿಡಿಯುತ್ತದೆ, ಅದು ಕಬಡ್ಡಿಯಲ್ಲಿ ನೀನು ಎಳೆದಾಡಿದ ಮಂಡಿಯೇ. ಮಗ ಸೊಸೆ ಚೆನ್ನಾಗಿದ್ದಾರೆ. ಈ ತಿಂಗಳು ನಮ್ಮನೆಯಲ್ಲಿ ಕಬಡ್ಡಿ ಬಿಟ್ಟು ಬೇರೆ ಮಾತಿಲ್ಲ. ನಾನು ಫೋನಿನಲ್ಲಿ ಜಗಳಾಡುವುದನ್ನು ಕೇಳಿ ಕೇಳಿ ಸೊಸೆ ನಾಗಶ್ರೀ, “ಮಾವ, ನೀವ್ ಹಿಂಗ ಕೂಗಾಡಿದ್ರ ಎಮ್ಮಿ ಹಾಲ್ ಕೊಡಂಗಿಲ್ಲ ನೋಡ್ರಿ” ಅಂದಳು.

ಜಗಳ ಏನೆಂದರೆ, ಶಿಕಾರಿಪುರದ ನಮ್ಮ ಕಾಲೇಜಿನಲ್ಲಿ ಕಬಡ್ಡಿಗೆ ಹೊಸ ಒಳಾಂಗಣ ಆಗಿದೆ. ಕೆಳಗೆ ಮ್ಯಾಟು, ಮೇಲೆ ಶೀಟು. ನಾವು ಮೊಣಕಾಲು ತರಚಿಕೊಂಡ ಆ ಕೆಂಪುಮಣ್ಣಿನ ಅಂಕಣದಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ಒಳಾಂಗಣದ ಗೋಡೆಗೆ ಒಂದು ಫಲಕ ಹಾಕುತ್ತಾರಂತೆ, ಕಾಲೇಜು ಶುರುವಾದಾಗಿನಿಂದ ಇಲ್ಲಿಯವರೆಗಿನ ಶ್ರೇಷ್ಠ ರೈಡರುಗಳ ಹೆಸರು, ಮೊದಲನೆಯವನು ಎರಡನೆಯವನು ಎಂದು ಅನುಕ್ರಮವಾಗಿ. ನನ್ನ ಶಿಷ್ಯ ಯೋಗೇಶ ಈಗ ಅಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಅವನೇ ಮನೆಗೆ ಬಂದು, “ಸರ್, ಎಲ್ಲರ ಆಟಾನೂ ನೋಡಿರೋರು ನೀವೊಬ್ರೇ. ಶಿವರಾತ್ರಿ ಒಳಗ ಪಟ್ಟಿ ಮಾಡ್ಕೊಡ್ರಿ” ಅಂದ. ನಾನೂ ಉಬ್ಬಿಹೋಗಿ ಒಪ್ಪಿಕೊಂಡೆ. ಮಾರನೆಯ ದಿನದಿಂದ ಶುರುವಾಯಿತು ಕಾಟ. ಸೊರಬದ ಕಡೆಯವರಿಗೆ ಸೊರಬದ ಹುಡುಗನೇ ಮೊದಲು ಬರಬೇಕು, ಶಿಕಾರಿಪುರದವರಿಗೆ ಶಿಕಾರಿಪುರದವನೇ. ವಾಟ್ಸಾಪಿನ ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ಅಜ್ಜಂದಿರಾದವರೆಲ್ಲ ಹೈಸ್ಕೂಲು ಹುಡುಗರ ಹಾಗೆ ಬಡಿದಾಡಿದರು.

ಕೊನೆಗೆ ನಾನು ಆರಿಸಿದ್ದು ನಾಲ್ವರನ್ನು. ನಾಲ್ಕನೆಯ ಸ್ಥಾನ ರಾಜಕುಮಾರನಿಗೆ. ನಮ್ಮ ಜೂನಿಯರ್, ಆಮೇಲೆ ಪೊಲೀಸ್ ಆದವನು. ಅವನ ಕಾಲಿನ ಹೆಬ್ಬೆರಳು ಹಾವಿನ ನಾಲಿಗೆ ಇದ್ದ ಹಾಗೆ, ಚಾಚಿದ್ದೂ ತಿಳಿಯುತ್ತಿರಲಿಲ್ಲ, ಎಳೆದುಕೊಂಡದ್ದೂ ತಿಳಿಯುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಅಂಜಿಕೆ. ಅಂಕಣದ ಒಳಗೆ ಮೂರು ಹೆಜ್ಜೆಗಿಂತ ಮುಂದೆ ಹೋದವನಲ್ಲ. ಇದನ್ನು ಅವನಿಗೇ ಫೋನ್ ಮಾಡಿ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದ, ಮೂರನೆಯ ದಿನ ತಾನೇ ಮಾಡಿ, “ನಾಕ್ನೇದಾದ್ರೂ ಗ್ಯಾರಂಟಿ ಐತಿಲ್ಲೋ?” ಅಂತ ಕೇಳಿದ.

ಮೂರನೆಯವನು ಚಂದ್ರಗುತ್ತಿಯ ಮಾಸ್ತಪ್ಪ. ನೀನು ಅವನ ಆಟವನ್ನು ಒಂದೇ ಸಲ ನೋಡಿದ್ದು. ನಾನು ಮೇಷ್ಟ್ರಾದ ಹೊಸತರಲ್ಲಿ ನಿನ್ನನ್ನು ಆನವಟ್ಟಿಯ ಟೂರ್ನಮೆಂಟಿಗೆ ಎಳೆದುಕೊಂಡು ಹೋಗಿದ್ದೆನಲ್ಲ, ಅಲ್ಲಿ. ಇಬ್ಬರು ಅವನ ತೊಡೆ ಹಿಡಿದು ಜೋತಾಡುತ್ತಿದ್ದರೂ ಹುಲ್ಲಿನ ಹೊರೆ ಹೊತ್ತವನ ಹಾಗೆ ಅವರನ್ನು ಎಳೆದುಕೊಂಡೇ ಗೆರೆಗೆ ಬಂದಿದ್ದ. ನೀನಾಗ, “ಇಂವ ಆಟ ಆಡ್ತಿಲ್ಲ ಮಾರಾಯ, ಗಾಡಿ ಹೊಡಿತಿದಾನೆ” ಅಂದಿದ್ದೆ. ಅದಕ್ಕೇ ಅವನಿಗೆ ಮೂರು. ಬರೀ ಬಲಕ್ಕೆ ಮೂರರ ಮೇಲೆ ಕೊಡಲಾರೆ.

ಎರಡನೆಯವನು ಈಗಿನ ಹುಡುಗ ಸಿದ್ಧಲಿಂಗೇಶ್. ಇವನದೇ ದೊಡ್ಡ ಗಲಾಟೆ. ಯೂನಿವರ್ಸಿಟಿ ಟೀಮಿನಲ್ಲಿ ಆಡುತ್ತಾನೆ, ಮೊಬೈಲಿನಲ್ಲಿ ಅವನ ವಿಡಿಯೋಗಳಿವೆ, ಪಾಯಿಂಟುಗಳ ಲೆಕ್ಕವಿದೆ. “ಹಳೇ ಕಾಲದೋರಿಗೆ ಲೆಕ್ಕಾನೇ ಇಲ್ವಲ್ಲ ಸರ್” ಎಂದು ಯೋಗೇಶನ ಹುಡುಗರು ಕೇಳುತ್ತಾರೆ. ಹೋಗಿ ಅವನ ಆಟವನ್ನು ನೋಡಿ ಬಂದೆ. ಸುಳ್ಳು ಹೇಳಬಾರದು ಗುಡ್ಡಪ್ಪ, ಹುಡುಗ ಗಾಳಿ ಇದ್ದ ಹಾಗೆ. ನೋಡುತ್ತ ನೋಡುತ್ತ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಈಗಿನವರಿಗೆ ಮೂವತ್ತು ಸೆಕೆಂಡು ಮುಗಿದರೆ ಗಡಿಯಾರವೇ ಕೂಗಿ ವಾಪಸು ಕರೆಯುತ್ತದೆ. ನಮ್ಮಲ್ಲಿ ಯಾವ ಗಡಿಯಾರವಿತ್ತು? ಎದೆಯಲ್ಲಿ ದಮ್ಮಿರುವ ತನಕ ಆಟ. ಹೊಸಬಾಳೆಯ ಕೆರೆಯಲ್ಲಿ ಮುಳುಗು ಹಾಕಿ ಹಾಕಿ ಉಸಿರು ಬೆಳೆಸಿಕೊಂಡ ಒಬ್ಬನಿದ್ದ. ಅವನು ‘ಕಬಡ್ಡಿ ಕಬಡ್ಡಿ’ ಎಂದು ಹೋದರೆ ಎದುರಾಳಿಗಳಿಗೇ ಉಸಿರು ಕಟ್ಟುತ್ತಿತ್ತು. ಆ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನೇಗಿಲು ಹೊಡೆಯುವವನು ಎತ್ತಿನ ಜೊತೆ ಮಾತಾಡಿಕೊಂಡು ಹೋದ ಹಾಗೆ ಒಂದೇ ಸಮ.

ಮೊದಲನೆಯವನು ಯಾರು ಎಂದು ಇನ್ನು ಬಿಡಿಸಿ ಹೇಳಬೇಕೇ? ಎಂಬತ್ತನಾಲ್ಕರಲ್ಲಿ ಸಾಗರದವರ ಮೇಲಿನ ಫೈನಲ್ ನೆನಪಿಸಿಕೋ. ನಾನು ಕ್ಯಾಚರ್, ಔಟಾಗಿ ಗೆರೆಯ ಹೊರಗೆ ಉಗುರು ಕಚ್ಚುತ್ತ ಕೂತಿದ್ದೆ. ಎರಡೂ ಕಡೆ ಸಮ, ಕೊನೆಯ ರೈಡ್ ನಿನ್ನದು. ಹೋದೆ, ಸುತ್ತಿದೆ, ಯಾರನ್ನೂ ಮುಟ್ಟಲಾಗಲಿಲ್ಲ. ಆಮೇಲೆ ಸೋತವನ ಹಾಗೆ ಹೆಗಲು ಇಳಿಸಿ, ಅವರಿಗೆ ಪೂರಾ ಬೆನ್ನು ತಿರುಗಿಸಿ, ಮನೆಗೆ ಹೊರಟವನಂತೆ ಗೆರೆಯ ಕಡೆ ನಡೆದೆ. ಸಾಗರದವರು ಆಟ ಮುಗಿಯಿತೆಂದು ಕೈಬಿಟ್ಟು ನಿಂತರು. ಒಬ್ಬ ಬನಿಯನ್ನಿನಿಂದ ಮುಖ ಒರೆಸಿಕೊಳ್ಳುತ್ತ ನಿನ್ನ ಹಿಂದೆಯೇ ಬಂದ. ಆಗ ನಿನ್ನ ಎಡಗೈ ಹಿಂದಕ್ಕೆ ಚಾಚಿತು, ನೀನು ತಿರುಗಿಯೂ ನೋಡಲಿಲ್ಲ. ಅವನ ಹೊಟ್ಟೆಗೆ ಬೆರಳು ತಗುಲಿಸಿ ಒಂದೇ ನೆಗೆತಕ್ಕೆ ಗೆರೆ ದಾಟಿದೆ. ಅವನಿನ್ನೂ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಆ ದಿನ ನಿನ್ನ ಕೊರಳಿಗೆ ಸೇವಂತಿಗೆ ಹಾರ ಹಾಕಿ ಫೋಟೋ ಹೊಡೆಸಿದೆವಲ್ಲ, ಆ ಫೋಟೋದಿಂದಲೇ ಇಷ್ಟೆಲ್ಲ ಅನಾಹುತವಾದದ್ದು. ನಿನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ ಸುದ್ದಿ ನಮಗ್ಯಾರಿಗೂ ತಿಳಿದಿರಲಿಲ್ಲ. ಗಂಡನ ಸ್ಥಿತಿ ನೋಡಿದ ಗಾಬರಿಯಲ್ಲಿ ಬಸಕ್ಕ ಯಾರಿಗೆಂದು ಹೇಳಿಯಾಳು. ನೀನು ಮನೆಗೆ ಬಂದ ಮೇಲೆ ನಿನ್ನ ಊರಿನ ಯಾರೋ ಪುಣ್ಯಾತ್ಮ, ನಿನಗೆ ಬೇಗ ಗುಣವಾಗಲಿ ಎಂಬ ಒಳ್ಳೇ ಮನಸ್ಸಿನಿಂದಲೇ, ಆ ಫೋಟೋದಲ್ಲಿ ಎದೆಯವರೆಗೆ ನಿನ್ನನ್ನಷ್ಟೇ ಕತ್ತರಿಸಿ ಕೈಮುಗಿದ ಚಿತ್ರದೊಂದಿಗೆ ಗುಂಪಿಗೆ ಹಾಕಿದ. ಕೊರಳಲ್ಲಿ ಹಾರ, ಕೆಳಗೆ ಮುಗಿದ ಕೈ. ನಮ್ಮವರು ಕೇಳಬೇಕೇ. ರಾಜಕುಮಾರ ಮೊದಲು ‘ಓಂ ಶಾಂತಿ’ ಎಂದು ಹಾಕಿದ, ಅವನ ಹಿಂದೆ ಊರೆಲ್ಲ ಹಾಕಿತು. ಒಬ್ಬ ನಿನ್ನ ಗುಣಗಾನ ಮಾಡಿ ಪದ್ಯವನ್ನೇ ಬರೆದ.

ನಾನು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹಾರ ಕೊಂಡು ಸೊರಬದ ಬಸ್ಸು ಹತ್ತಿದೆ. ಹೊಸಬಾಳೆಗೆ ಬಂದು ನೋಡಿದರೆ ಬಾಗಿಲಲ್ಲಿ ಜನವಿಲ್ಲ, ಒಳಗೆ ಕುಕ್ಕರ್ ಕೂಗುತ್ತಿದೆ. ಬಸಕ್ಕ ಹೊರಗೆ ಬಂದು ನನ್ನ ಕೈಯಲ್ಲಿದ್ದ ಹಾರ ನೋಡಿ, “ಇದೇನ್ ಮೇಷ್ಟ್ರೇ, ಯಾವ್ ದೇವಸ್ಥಾನಕ್ಕೆ ಹೊರಟ್ರಿ?” ಅಂತ ಕೇಳಿದಳು. ಅವಳ ಹಿಂದೆ ಮಂಚದ ಮೇಲೆ ನೀನು. ಕಣ್ಣು ಬಿಟ್ಟು ನನ್ನನ್ನೂ ನೋಡಿದೆ, ಹಾರವನ್ನೂ ನೋಡಿದೆ. ತುಟಿ ಅಲುಗಿತು, ಮಾತು ಬರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡೆ.

ತಪ್ಪಾಯಿತು ಮಾರಾಯ. ಆದರೆ ಕಬಡ್ಡಿಯಲ್ಲಿ ಔಟಾಗಿ ಸತ್ತವರು ಎದ್ದು ಬಂದು ಆಡುವುದು ಹೊಸದೇನೂ ಅಲ್ಲವಲ್ಲ. ಆ ಹಾರವನ್ನು ಬಸಕ್ಕ ನಿಮ್ಮನೆ ಬಸವಣ್ಣನ ಫೋಟೋಕ್ಕೆ ಹಾಕಿದಳು. ದೇವರಿಗೆ ಸಂದದ್ದರಿಂದ ದೋಷ ಹೋಯಿತು ಎಂದು ನಾನು ಅಂದುಕೊಂಡಿದ್ದೇನೆ. ಚೈತ್ರ, ನಿನ್ನಪ್ಪ ಇಲ್ಲಿ ನಕ್ಕನೋ ಇಲ್ಲವೋ ನೋಡಿ ನನಗೆ ತಿಳಿಸು.

ಫಲಕದ ವಿಷಯದಲ್ಲಿ ಇನ್ನೊಂದು ಮಾತು. ಕಾಲೇಜಿನ ಸಮಿತಿಯ ಸಭೆಯಲ್ಲಿ ಒಬ್ಬರು ಎದ್ದು, “ಗುಡ್ಡಪ್ಪನವರ ಹೆಸರನ್ನ ಸ್ಮರಣೆ ಅಂತ ಕೆಳಗ ಹಾಕೋಣ್ರಿ, ಅವರೇನ್ ಬರೋ ಹಂಗಿಲ್ಲ” ಅಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಬೈಯುವುದಕ್ಕೂ ಆಗಲಿಲ್ಲ. ಆದರೂ ಬೈದೆ. ಮೊದಲ ಸಾಲು ಗುಡ್ಡಪ್ಪ, ಹೊಸಬಾಳೆ. ಬದುಕಿದ್ದಾನೆ, ಅವನು ಬರುವ ತನಕ ಫಲಕದ ಪರದೆ ಎಳೆಯುವ ಹಾಗಿಲ್ಲ ಅಂದೆ. ಸಿದ್ಧಲಿಂಗೇಶ್ ಅಲ್ಲೇ ಇದ್ದ. ಎರಡನೆಯ ಸ್ಥಾನಕ್ಕೆ ಬೇಜಾರಾಗಿರಬಹುದು ಎಂದುಕೊಂಡಿದ್ದೆ. ಹುಡುಗ ನನ್ನ ಹತ್ತಿರ ಬಂದು, “ಆ ಬೆನ್ನು ತಿರುಗಿಸೋದನ್ನ ಅವರ ಹತ್ರನೇ ಕಲಿಬೇಕಿತ್ತು ಸರ್, ಕರ್ಕೊಂಡ್ ಹೋಗ್ತೀರಾ?” ಎಂದು ಕೇಳಿದ. ನಿನ್ನನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಉತ್ತರ ನನ್ನ ಕೈಯಲ್ಲಿಲ್ಲ.

ಬಸಕ್ಕ ನಿನ್ನನ್ನು ಗಂಜಿ ಮೇಲೇ ಇಟ್ಟಿದ್ದಾಳಂತೆ. ಸಿಟ್ಟು ಮಾಡಬೇಡ, ಉಣ್ಣು. ತೊಗರ್ಸಿ ಮಲ್ಲಿಕಾರ್ಜುನನಿಗೆ ನಿನ್ನ ಹೆಸರಿನಲ್ಲಿ ಪ್ರತಿ ಸೋಮವಾರ ದೀಪ ಹಚ್ಚುತ್ತಿದ್ದೇನೆ. ಅವನು ನಿನ್ನ ಎದೆಯ ಉಸಿರು ಕಾಯಲಿ. ಚೈತ್ರ, ನಿನಗೆ ನೂರು ವರ್ಷ ಆಯುಸ್ಸು ಕೊಡಲಿ ಮಗಳೇ. ಅಪ್ಪನನ್ನು ನೋಡಿಕೊಳ್ಳುವ ನಿನ್ನ ಕೈ ತಣ್ಣಗಿರಲಿ.

ಎಂದೆಂದೂ ನಿನ್ನವನೇ,
ಚಂದ್ರಶೇಖರಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದ್ದೇನೆ. ಗುಡ್ಡಪ್ಪ, ಹಾರ ತಂದ ದಿನದ ನಂತರವೂ ಎರಡು ಸಲ ನಿಮ್ಮನೆಗೆ ಬಂದೆ. ಎರಡು ಸಲವೂ ನನ್ನ ದನಿ ಕೇಳಿ ನೀನು ಗೋಡೆಯ ಕಡೆ ತಿರುಗಿದೆ. ಬಸಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಮಾತು ಬರ್ದೇ ಇದ್ದಿದ್ಕೆ ನಾಚ್ಕೆ ಅವ್ರಿಗೆ. ಯಾರೂ ಬರೋದು ಬ್ಯಾಡಂತೆ” ಅಂದಳು. ಹಾರದ ಸಿಟ್ಟಲ್ಲ ಇದು ಎಂದು ಆವತ್ತೇ ತಿಳಿಯಿತು. ಮೇಲೆ ಬರೆದ ತಮಾಷೆಯೆಲ್ಲ ಈ ಮಾತಿಗೆ ಬರಲು ಧೈರ್ಯ ಸಾಲದೆ ಬರೆದದ್ದು.

ಹೋದ ವರ್ಷ ನನ್ನಾಕೆ ದ್ಯಾಮಮ್ಮ ತೀರಿಕೊಂಡಾಗ ಬಂದವರೆಲ್ಲ ನನಗೆ ಸಮಾಧಾನ ಹೇಳಿದರು. ಯಾರ ಮಾತೂ ಒಳಗೆ ಇಳಿಯಲಿಲ್ಲ. ನೀನೊಬ್ಬ ಏನೂ ಹೇಳಲಿಲ್ಲ. ಬಂದೆ, ಜಗಲಿಯ ಮೇಲೆ ನನ್ನ ಪಕ್ಕ ಕೂತೆ, ಸಂಜೆ ಎದ್ದು ಹೋದೆ. ಆಮೇಲೆ ಶಿರಾಳಕೊಪ್ಪದ ಸಂತೆಗೆ ಬಂದಾಗಲೆಲ್ಲ ಹಾಗೇ ಬಂದು ಕೂತೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು, ದಾರಿ ನೋಡುತ್ತಿದ್ದೆವು, ಅಷ್ಟೇ. ನಾನು ಮತ್ತೆ ಅನ್ನ ಉಂಡದ್ದು ಅದರಿಂದ. ಆ ದಿನ ಸೊರಬದ ಬಸ್ಸಿನಲ್ಲಿ ಹಾರ ತೊಡೆಯ ಮೇಲಿಟ್ಟುಕೊಂಡು ನಾನು ಅತ್ತದ್ದು ನಮ್ಮ ಕಾಲೇಜಿನ ಮೊದಲ ರೈಡರಿಗಾಗಿ ಅಲ್ಲ. ಇನ್ನು ಸುಮ್ಮನೆ ಕೂರಲು ನನಗೆ ಯಾರಿದ್ದಾರೆ ಎಂದು. ನನಗೆ ನಿನ್ನ ಮಾತು ಆಗಲೂ ಬೇಕಿರಲಿಲ್ಲ, ಈಗಲೂ ಬೇಕಾಗಿಲ್ಲ.

ಬರುವ ಭಾನುವಾರ ಬರುತ್ತೇನೆ. ನೀನು ಗೋಡೆಯ ಕಡೆಗೇ ತಿರುಗಿಕೊಂಡಿರು. ಮಂಚದ ಪಕ್ಕ ನಿನ್ನ ಬೆನ್ನ ಹಿಂದೆ ಕೂತಿರುತ್ತೇನೆ, ಸಂಜೆಯ ಬಸ್ಸಿನ ತನಕ. ಮುಂದಿನ ಭಾನುವಾರವೂ ಬರುತ್ತೇನೆ. ಸ್ವಾಧೀನ ಹೋಗಿರುವುದು ನಿನ್ನ ಬಲಗೈ ಎಂದು ಚೈತ್ರ ಹೇಳಿದ್ದಾಳೆ, ಎಡಗೈ ಚೆನ್ನಾಗಿದೆಯಂತೆ. ನೀನು ಬೆನ್ನು ತಿರುಗಿಸಿದೆ ಎಂದರೆ ಆಟ ಮುಗಿಯಿತೆಂದು ಸಾಗರದವರು ನಂಬಿಯಾರು. ನಾನು ನಂಬುವವನಲ್ಲ. ಕೈಗೆಟಕುವಷ್ಟು ಹತ್ತಿರವೇ ಕೂತಿರುತ್ತೇನೆ.