ಮಲಕವ್ವನ ಟಗರಿನ ಎರಡನೇ ಕಟ್ಟು

ಐನಾಪುರ, ೧೨-೧-೧೯೯೩

ಮೈಸೂರಿನ ಭಾವನವರಿಗೆ, ಅಂಚೆಯಣ್ಣನೇ ಮೊದಲು ಓದುತ್ತಾನೆಂದು ಗೊತ್ತಿದ್ದೂ ಕಾರ್ಡಿನಲ್ಲೇ ಬರೆಯುವ ಭಾವಮೈದುನನ ನಮಸ್ಕಾರ.

ಇಲ್ಲಿ ದ್ರಾಕ್ಷಿಗೆ ಹೊಡೆದ ಔಷಧ ಹಳ್ಳಕ್ಕಿಳಿಯುತ್ತದೆ. ನಾನು ಲ್ಯಾಬಿನಲ್ಲಿ ಬೆಳೆಸಿ ಈ ಹಳ್ಳಕ್ಕೆ ಬಿಡಬೇಕೆಂದಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತದೆ, ತಿನ್ನಲು ಏನೂ ಉಳಿಯದಾಗ ನಾನು ಕೂಡಿಸಿದ ಜೀನ್ ಸ್ವಿಚ್ಚಿನಿಂದ ತಾನೇ ಸಾಯುತ್ತದೆ ಎಂದು ನಿನ್ನೆ ಊರವರಿಗೆ ವಿವರಿಸಿದೆ. ಊಟ ಮುಗಿದರೂ ಏಳದ ನನ್ನಂಥ ನೆಂಟನಲ್ಲ ಅದು ಎಂದಾಗ ಎಲ್ಲರೂ ನಕ್ಕರು. ಅದೇ ಹಳ್ಳದಲ್ಲಿ ಕುರಿಗಳಿಗೆ ನೀರು ಕುಡಿಸುವ ಮಲಕವ್ವ ನಗಲಿಲ್ಲ.

"ಸಾಯಲಾರದ್ದ ಒಂದ ಉಳೀತಂದ್ರ ಏನ್ ಮಾಡ್ತೀರಿ, ಸಾಹೇಬ್ರ?"

"ಹತ್ತು ಲಕ್ಷಕ್ಕೊಂದು ಉಳಿಯಬಹುದು, ಅಷ್ಟೆ."

"ಒಂದ ಸಾಕಲ್ರಿ. ಬರ್ರಿ ಇಲ್ಲೆ."

ಅಕಾಲದಲ್ಲಿ ಮರಿಯಾಗದಿರಲೆಂದು ಆಕೆ ಟಗರಿನ ಹೊಟ್ಟೆಗೆ ಗೋಣಿತಟ್ಟು ಕಟ್ಟಿದ್ದಳು. ಅದು ಹರಿದರೂ ಇನ್ನೊಂದು ಇರಲೆಂದು ಒಳಗೆ ಬೇರೆ ಹುರಿಯನ್ನೂ ಬಿಗಿದಿದ್ದಳು. "ಹ್ವಾದ ವರ್ಷ ಒಂದ ಕಟ್ಟಿದ್ದೆ, ಹರಕೊಂತು. ಬ್ಯಾಸಿಗ್ಯಾಗ ಹುಟ್ಟಿದ ಹನ್ನೊಂದ ಮರಿ ಸತ್ತು. ನೀವೂ ಎರಡ ಕಟ್ರಿ, ಆಮ್ಯಾಲ ಹಳ್ಳಕ್ಕ ಬರ್ರಿ."

ಭಾವ, ಎರಡನೇ ಸ್ವಿಚ್ ಬೇಕೆಂದು ನನ್ನ ಗೈಡ್ ಆರು ತಿಂಗಳಿಂದ ಹೇಳುತ್ತಿದ್ದರು. ನಾನು ವಾದಿಸಿ ಗೆದ್ದಿದ್ದೆ. ಸೋತೆನೆಂದು ಅವರಿಗೂ ಈಗಲೇ ಕಾರ್ಡು ಹಾಕುತ್ತಿದ್ದೇನೆ. ಕೆಮ್ಮು ವಾಸಿಯಾಗಿದೆ, ಅಕ್ಕನಿಗೆ ಹೇಳಿ. ಪಿಎಚ್.ಡಿ. ಇನ್ನೊಂದು ವರ್ಷ, ಮದುವೆಯೂ ಅಷ್ಟೇ. ಮುಂದಕ್ಕೆ ಹಾಕಿಸಿದ್ದು ಗೈಡ್ ಅಲ್ಲ, ಕುರಿ ಕಾಯುವ ಹೆಂಗಸು ಎಂದು ಹುಡುಗಿಯ ಮನೆಯವರಿಗೆ ನಿಜವನ್ನೇ ಹೇಳಿಬಿಡಿ. ನನಗೇನೂ ಸಂಕೋಚವಿಲ್ಲ.

ಟಪಾಲು ಒಯ್ಯುವ ಬಸ್ಸು ಹೊರಡುತ್ತಿದೆ, ಇಲ್ಲಿಗೆ ಮುಗಿಸುತ್ತೇನೆ.
ಶ್ರೀಕಂಠ